ರಸಮೇವಿನ ಟ್ರೇಲರ್: ಎಳೆಯುವ ಎಚ್.ಪಿ. ಗೊತ್ತು, ನಿಲ್ಲಿಸುವ ಲೆಕ್ಕ ಗೊತ್ತೇ?

ದಾವಣಗೆರೆ: ನಗರದ ಮನೆಗಳಿಗೆ ಬೆಳಗ್ಗೆ ಬರುವ ಹಾಲಿನ ಪೊಟ್ಟಣದ ಹಿಂದೆ ಹಸುವಿದೆ, ಹಸುವಿನ ಹಿಂದೆ ಮೇವಿದೆ. ಆ ಮೇವನ್ನು ಹೊಲದಿಂದ ಕೊಟ್ಟಿಗೆಗೆ ತರುವ ಕೆಲಸ ಈಗ ಬಹುಪಾಲು ಟ್ರ್ಯಾಕ್ಟರಿನದು. ಟ್ರ್ಯಾಕ್ಟರ್ ಕೊಳ್ಳುವಾಗಲಾಗಲೀ ಬಾಡಿಗೆಗೆ ಗೊತ್ತುಮಾಡುವಾಗಲಾಗಲೀ ರೈತರು ಮೊದಲು ಕೇಳುವುದು ‘ಎಷ್ಟು ಎಚ್.ಪಿ.?’ ಎಂದು. ಆದರೆ ರಸಮೇವು ಸಾಗಿಸುವ ಕೆಲಸದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಅರ್ಧ ಮಾತ್ರ. ಟ್ರೇಲರ್ ಹೊಲದಲ್ಲಿ ಹೂತುಹೋಗುವುದಕ್ಕೂ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ಳುವುದಕ್ಕೂ ಕಾರಣ ಅಶ್ವಶಕ್ತಿಯ ಕೊರತೆಯಲ್ಲ, ತೂಕದ ಲೆಕ್ಕ ತಪ್ಪಿರುವುದು.

ಮೆಕ್ಕೆಜೋಳಕ್ಕೆ ಹೆಸರಾದ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಜಿಲ್ಲೆ ಒಂದೇ ಆದರೂ ನಾಲ್ಕರ ನೆಲ ಬೇರೆ ಬೇರೆ. ಜಗಳೂರು ಮಳೆ ಕಡಿಮೆ ಬೀಳುವ ಬಯಲುಸೀಮೆ. ಚನ್ನಗಿರಿ ಮತ್ತು ಹೊನ್ನಾಳಿಯ ಹಲವು ಭಾಗಗಳಿಗೆ ಭದ್ರಾ ನಾಲೆಯ ನೀರಿದೆ; ಹೊನ್ನಾಳಿ ಪಟ್ಟಣ ತುಂಗಭದ್ರೆಯ ದಂಡೆಯಲ್ಲಿದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಸವಳಂಗದ ಕಡೆ ಹಾಗೂ ಚನ್ನಗಿರಿಯ ಉಬ್ರಾಣಿ ಕಡೆ ಹೋದಂತೆ ನೆಲ ಏರಿಳಿಯತೊಡಗುತ್ತದೆ. ಒಂದೇ ಟ್ರ್ಯಾಕ್ಟರ್, ಒಂದೇ ಟ್ರೇಲರ್ ಈ ನಾಲ್ಕೂ ಕಡೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಮೇವಿನ ಉಪ್ಪಿನಕಾಯಿ

ರಸಮೇವು ಎಂದರೆ ಹಸಿರು ಮೇವಿನ ಉಪ್ಪಿನಕಾಯಿ ಎನ್ನಬಹುದು. ತೆನೆಯ ಕಾಳು ಪೂರ್ತಿ ಬಲಿಯುವ ಮೊದಲೇ, ತೇವಾಂಶ ಶೇ. 65ರಿಂದ 70ರಷ್ಟು ಇರುವಾಗ ಮೆಕ್ಕೆಜೋಳವನ್ನು ದಂಟು ಸಮೇತ ಕೊಯ್ದು, ಸಣ್ಣದಾಗಿ ಕತ್ತರಿಸಿ, ಗುಂಡಿಯಲ್ಲಿ ತುಂಬಿ, ಗಾಳಿ ಉಳಿಯದಂತೆ ತುಳಿಸಿ ಮುಚ್ಚಲಾಗುತ್ತದೆ. ಒಳಗೆ ಲ್ಯಾಕ್ಟಿಕ್ ಆಮ್ಲ ಹುಟ್ಟಿ ಮೇವು ಕೆಡದೆ ತಿಂಗಳುಗಟ್ಟಲೆ ಉಳಿಯುತ್ತದೆ. 2023ರಲ್ಲಿ ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತ್ತು. ಅಂಥ ವರ್ಷಗಳಲ್ಲಿ ಕೂಡಿಟ್ಟ ಮೇವಿಗೆ ಇರುವ ಬೆಲೆ ಏನೆಂಬುದನ್ನು ಹೈನುಗಾರರಿಗೆ ಹೇಳಿಕೊಡಬೇಕಿಲ್ಲ.

ದಿನಕ್ಕೆ 15 ಕಿಲೋದಂತೆ 10 ಹಸುಗಳಿಗೆ 4 ತಿಂಗಳು ರಸಮೇವು ಕೊಡಬೇಕೆಂದರೆ 18 ಟನ್ ಬೇಕು. ಸ್ವಲ್ಪ ನಷ್ಟವನ್ನೂ ಸೇರಿಸಿದರೆ ಸುಮಾರು 20 ಟನ್ ಹಸಿಮೇವು ಗುಂಡಿ ಸೇರಬೇಕು. ನೀರಾವರಿಯಲ್ಲಿ ಚೆನ್ನಾಗಿ ಬೆಳೆದ ಒಂದರಿಂದ ಒಂದೂವರೆ ಎಕರೆ ಮೆಕ್ಕೆಜೋಳದಲ್ಲಿ ಇಷ್ಟು ಸಿಗುತ್ತದೆ. ಬೆಳೆಯುವುದು ಒಂದು ಕೆಲಸವಾದರೆ, ಕತ್ತರಿಸಿದ್ದನ್ನು ಹೆಚ್ಚು ಹೊತ್ತು ಗಾಳಿಗೆ ಬಿಡದೆ ಗುಂಡಿಗೆ ಮುಟ್ಟಿಸುವುದು ಇನ್ನೊಂದು. ಅವಸರ ಹುಟ್ಟುವುದು ಇಲ್ಲಿಯೇ.

ಒಂದೇ ಡಬ್ಬಿ, ಎರಡು ತೂಕ

ಯುರೋಪಿನ ಹುಲ್ಲುಗಾವಲುಗಳಲ್ಲಿ ಮೇವನ್ನು ತಾನೇ ಎತ್ತಿ ತುಂಬಿಕೊಳ್ಳುವ ದೊಡ್ಡ ಬಂಡಿಗಳಿವೆ. 30 ಘನ ಮೀಟರಿಗೂ ಹೆಚ್ಚು ಮೇವು ಹಿಡಿಯುವ ಅವುಗಳಿಗೆ 100 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರ್ ಬೇಕು. ಭಾರತದಲ್ಲಿ ಮಾರಾಟವಾಗುವ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು 30ರಿಂದ 50 ಅಶ್ವಶಕ್ತಿಯವು. ಆದ್ದರಿಂದ ಇಲ್ಲಿ ಮೇವಿನ ಬಂಡಿ ಎಂದರೆ ಮಣ್ಣು, ಗೊಬ್ಬರ, ಜೋಳದ ಚೀಲ ಎಲ್ಲವನ್ನೂ ಹೊರುವ ಅದೇ ಟ್ರೇಲರ್.

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರಿನಲ್ಲಿ ಹಿಡಿಯುವುದು ಸುಮಾರು 3.4 ಘನ ಮೀಟರ್. ಕತ್ತರಿಸಿದ ಸಡಿಲ ಮೇವು ಘನ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಅಂದರೆ ಡಬ್ಬಿ ತುಂಬಿದರೂ ಹೊರೆ ಒಂದು ಟನ್ ಅಷ್ಟೇ. ಹೀಗಾಗಿ ಹಲಗೆ ಅಥವಾ ಜಾಲರಿ ಕಟ್ಟಿ ಪಕ್ಕೆಗಳನ್ನು 6 ಅಡಿಗೆ ಏರಿಸಿದರೆ 3 ಟನ್ ಹಿಡಿಯುತ್ತದೆ. ಇದೇ ಜಾಗದಲ್ಲಿ ಯಂತ್ರದಿಂದ ಒತ್ತಿ ಕಟ್ಟಿದ ರಸಮೇವಿನ ಉಂಡೆಗಳನ್ನು ಜೋಡಿಸಿದರೆ ಲೆಕ್ಕ ಬದಲಾಗುತ್ತದೆ. ಒತ್ತಿದ ಮೇವು ಘನ ಮೀಟರಿಗೆ 600 ಕಿಲೋ ಆಸುಪಾಸು ಇರುವುದರಿಂದ ಹೊರೆ 6 ಟನ್ ಮುಟ್ಟುತ್ತದೆ. ಕಣ್ಣಿಗೆ ಎರಡೂ ಒಂದೇ ಎತ್ತರದ ರಾಶಿ. ತೂಕ ಮಾತ್ರ ಇಮ್ಮಡಿ. ಟ್ರೇಲರಿನ ತಯಾರಕರು ನಿಗದಿಪಡಿಸಿದ ಹೊರೆಯ ಮಿತಿಯನ್ನು ನೋಡದೆ ಕಣ್ಣಳತೆಯಲ್ಲಿ ತುಂಬಿದರೆ ಎಡವುವುದು ಖಚಿತ.

270ರಿಂದ ಭಾಗಿಸಿ

ಎಷ್ಟು ಅಶ್ವಶಕ್ತಿ ಬೇಕೆಂಬುದನ್ನು ತಿಳಿಯಲು ಸರಳ ಸೂತ್ರವೊಂದಿದೆ. ಎಳೆಯಲು ಬೇಕಾದ ಬಲವನ್ನು ಕಿಲೋದಲ್ಲಿ ಬರೆದು, ಗಂಟೆಗೆ ಎಷ್ಟು ಕಿ.ಮೀ. ವೇಗವೋ ಅದರಿಂದ ಗುಣಿಸಿ, 270ರಿಂದ ಭಾಗಿಸಬೇಕು. ಗಟ್ಟಿ ಡಾಂಬರು ರಸ್ತೆಯಲ್ಲಿ ಚಕ್ರ ಉರುಳಿಸಲು ಒಟ್ಟು ತೂಕದ ಸುಮಾರು ಶೇ. 3ರಷ್ಟು ಬಲ ಸಾಕು. ಉತ್ತ ಸಡಿಲ ಹೊಲದಲ್ಲಿ ಶೇ. 12 ಬೇಕಾಗಬಹುದು. ಏರು ಇದ್ದರೆ ಅದರ ಶೇಕಡಾವಾರನ್ನು ಹಾಗೆಯೇ ಕೂಡಿಸಿಕೊಳ್ಳಬೇಕು.

45 ಅಶ್ವಶಕ್ತಿಯ, 2 ಟನ್ ತೂಕದ ಟ್ರ್ಯಾಕ್ಟರ್, ಒಂದೂವರೆ ಟನ್ನಿನ ಖಾಲಿ ಟ್ರೇಲರ್ ಮತ್ತು 3 ಟನ್ ಸಡಿಲ ಮೇವು ಸೇರಿದರೆ ಒಟ್ಟು ಆರೂವರೆ ಟನ್. ಸಮತಟ್ಟಾದ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ 15 ಅಶ್ವಶಕ್ತಿಯೂ ಬೇಡ. ಆದರೆ ಶೇ. 8ರ ಏರಿನಲ್ಲಿ 10 ಕಿ.ಮೀ. ವೇಗಕ್ಕೆ 26, 15 ಕಿ.ಮೀ. ವೇಗಕ್ಕೆ 40 ಬೇಕು. ಎಂಜಿನ್‌ನ 45ರಲ್ಲಿ ಗೇರು, ಚಕ್ರಗಳ ನಷ್ಟ ಕಳೆದು ನೆಲಕ್ಕೆ ಮುಟ್ಟುವುದು 35ರ ಆಸುಪಾಸು. ಅಂದರೆ ಏರಿನಲ್ಲಿ ಗೇರು ಇಳಿಸಿ ನಿಧಾನವಾಗಿ ಹೋದರೆ ಈ ಟ್ರ್ಯಾಕ್ಟರ್ ಸಾಕು. 6 ಟನ್ ಉಂಡೆಗಳಿದ್ದರೆ ಅದೇ ಏರಿನಲ್ಲಿ 10 ಕಿ.ಮೀ. ವೇಗಕ್ಕೇ 38 ಮೀರುತ್ತದೆ, ಇನ್ನೂ ನಿಧಾನವಾಗಬೇಕು. ಶಕ್ತಿಯ ಲೆಕ್ಕ ಮಾತ್ರ ನೋಡಿದರೆ ನಿಧಾನವೇ ಎಲ್ಲಕ್ಕೂ ಮದ್ದು.

ಟ್ರೇಲರ್ ಎಳೆಯುತ್ತಲೇ ಪಿಟಿಒ ಮೂಲಕ ಮೇವು ಕತ್ತರಿಸುವ ಯಂತ್ರವನ್ನೂ ನಡೆಸುವುದಾದರೆ ಮಾತು ಬೇರೆ. ಎರಡೂ ಕೆಲಸಗಳ ಶಕ್ತಿಯನ್ನು ಕೂಡಿಸಬೇಕಾಗುತ್ತದೆ. ಕತ್ತರಿಸಲು ಒಂದು, ಪಕ್ಕದಲ್ಲಿ ಟ್ರೇಲರ್ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬಳಸುವ ಕ್ರಮ ಬಂದಿರುವುದು ಇದಕ್ಕಾಗಿಯೇ.

ಹಿಡಿತ ಇಲ್ಲದಿದ್ದರೆ ಶಕ್ತಿ ವ್ಯರ್ಥ

ಹೊಲದೊಳಗೆ ಇನ್ನೊಂದು ಮಿತಿ ಎದುರಾಗುತ್ತದೆ. ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರ್ ನೆಲವನ್ನು ಹಿಡಿಯುವುದು ಹಿಂದಿನ ಚಕ್ರಗಳಿಂದ. 2 ಟನ್ನಿನ ಟ್ರ್ಯಾಕ್ಟರಿನಲ್ಲಿ ಅವುಗಳ ಮೇಲಿರುವುದು ಸುಮಾರು 1,400 ಕಿಲೋ. ಒಣ ಸಡಿಲ ಮಣ್ಣಿನಲ್ಲಿ ಅದರ ಶೇ. 40ರಷ್ಟು, ಅಂದರೆ 560 ಕಿಲೋ ಎಳೆತ ಸಿಗುತ್ತದೆ ಎಂದುಕೊಳ್ಳೋಣ. ಸಡಿಲ ಮೇವಿನ ಟ್ರೇಲರಿಗೆ ಅಲ್ಲಿ ಬೇಕಾದದ್ದು 540 ಕಿಲೋ. ಜಗಳೂರಿನ ಒಣ ಹೊಲದಲ್ಲಿ ಹೇಗೋ ದಾಟಬಹುದು. ಉಂಡೆಗಳ ಟ್ರೇಲರಿಗೆ ಬೇಕಾದದ್ದು 900 ಕಿಲೋ. ಚಕ್ರ ತಿರುಗುತ್ತದೆ, ಗಾಡಿ ಚಲಿಸುವುದಿಲ್ಲ.

ಮೇ-ಜೂನ್ ಬಿತ್ತನೆಯ ಮೆಕ್ಕೆಜೋಳ ರಸಮೇವಿಗೆ ಬರುವುದು ಮಳೆ ಇನ್ನೂ ಮುಗಿಯದ ದಿನಗಳಲ್ಲಿ. ಎರೆ ಭೂಮಿ ನೆನೆದಾಗ ಬೇಕಾದ ಎಳೆತ ಹೆಚ್ಚುತ್ತದೆ, ಚಕ್ರದ ಹಿಡಿತ ಕುಸಿಯುತ್ತದೆ. ಆಗ ಅರ್ಧ ಹೊರೆಯೂ ಹೂತುಕೊಳ್ಳಬಹುದು. ನಾಲೆಯ ನೀರು ನಿಲ್ಲುವ ಹೊನ್ನಾಳಿ, ಚನ್ನಗಿರಿಯ ಗದ್ದೆ ಬಯಲುಗಳಲ್ಲೂ ಇದೇ ಕಥೆ. ಇಲ್ಲಿ 45ರ ಬದಲು 55 ಅಶ್ವಶಕ್ತಿಯ ಎಂಜಿನ್ ತಂದರೂ, ತೂಕ ಮತ್ತು ಟೈರು ಅಷ್ಟೇ ಇದ್ದರೆ ಲಾಭವಿಲ್ಲ. ನಾಲ್ಕು ಚಕ್ರ ಚಾಲನೆ, ಅಗಲ ಟೈರು, ಹಿಂದಿನ ಚಕ್ರಗಳಿಗೆ ಹೆಚ್ಚುವರಿ ತೂಕ ನೆರವಿಗೆ ಬರುತ್ತವೆ. ಎರಡು ಚಕ್ರದ ಟ್ರೇಲರ್ ತನ್ನ ಹೊರೆಯ ಒಂದು ಪಾಲನ್ನು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಬದಿಗೆ ಹೊರಿಸುವುದರಿಂದ ಹಿಡಿತ ಹೆಚ್ಚುತ್ತದೆ. ಆದರೆ ಅದು ಅತಿಯಾದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಹೊಲದೊಳಗೆ ಕಡಿಮೆ ತುಂಬುವುದು.

ಇಳಿಜಾರಿನ ಪರೀಕ್ಷೆ

ಪ್ರಾಣಕ್ಕೆ ಸಂಬಂಧಿಸಿದ ಲೆಕ್ಕ ಮೂರನೆಯದು. ಕೃಷಿ ಟ್ರೇಲರುಗಳಲ್ಲಿ ಅನೇಕಕ್ಕೆ ತಮ್ಮದೇ ಬ್ರೇಕ್ ಇರುವುದಿಲ್ಲ. ಇಡೀ ಹೊರೆಯನ್ನು ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳು. ಒಣ ಡಾಂಬರು ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿರುವ ಖಾಲಿ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ ಮೇಲೆ 3ರಿಂದ 4 ಮೀಟರಿನಲ್ಲಿ ನಿಲ್ಲಬಲ್ಲದು. ಅದಕ್ಕೆ 6 ಟನ್ ಉಂಡೆಗಳ ಟ್ರೇಲರ್ ಕಟ್ಟಿದರೆ ಸಮತಟ್ಟಿನಲ್ಲೇ 13 ಮೀಟರ್ ಬೇಕು. ಶೇ. 8ರ ಇಳಿಜಾರಿನಲ್ಲಿ ಸುಮಾರು 40 ಮೀಟರ್. ರಸ್ತೆ ನೆನೆದಿದ್ದರೆ ನಿಲ್ಲುವ ಭರವಸೆಯೇ ಇಲ್ಲ. ಟ್ರೇಲರ್ ಪಕ್ಕಕ್ಕೆ ತಿರುಗಿ ಟ್ರ್ಯಾಕ್ಟರನ್ನು ಮಡಚಿ ಉರುಳಿಸಬಹುದು.

ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಹಗುರವಾಗಿ ಎಳೆಯುವುದೇ ಚಾಲಕನನ್ನು ಮೋಸಗೊಳಿಸುತ್ತದೆ. ಎಳೆಯಲು 20 ಅಶ್ವಶಕ್ತಿ ಸಾಕಾಗುವ ಹೊರೆಯನ್ನು ನಿಲ್ಲಿಸಲು ಟ್ರ್ಯಾಕ್ಟರಿಗೆ ಆಗದೇ ಹೋಗಬಹುದು. ನ್ಯಾಮತಿ, ಉಬ್ರಾಣಿ ಕಡೆಯ ಇಳಿಜಾರುಗಳಲ್ಲಿ ಟ್ರೇಲರ್ ಆಯ್ಕೆ ಮಾಡುವಾಗ ‘ಎಳೆಯುತ್ತದೆಯೇ’ ಎನ್ನುವುದಕ್ಕಿಂತ ‘ನಿಲ್ಲುತ್ತದೆಯೇ’ ಎಂದು ಕೇಳುವುದು ಮೇಲು. ಪಕ್ಕೆ ಏರಿಸಿದಷ್ಟೂ ಹೊರೆಯ ತೂಕ ಮೇಲಕ್ಕೆ ಹೋಗಿ, ನಾಲೆ ಏರಿಯ ಕಿರಿದಾದ ದಾರಿಯಲ್ಲಿ ಮಗುಚುವ ಅಪಾಯವೂ ಹೆಚ್ಚು. ಅಂಥ ರಾಶಿಯ ಮೇಲೆ ಕೂಲಿಯಾಳುಗಳನ್ನು ಕೂರಿಸಿಕೊಂಡು ಹೋಗುವುದು ಯಾವ ಲೆಕ್ಕದಲ್ಲೂ ಸಲ್ಲದು.

ಅವಸರದಿಂದ ಸಿಗುವುದೇನು?

ಹೆಚ್ಚು ತುಂಬಿ, ಬೇಗ ಓಡಿಸಿದರೆ ಸಮಯವಾದರೂ ಉಳಿಯುತ್ತದೆಯೇ? ಅದೂ ಇಲ್ಲ. ಗುಂಡಿಯ ಮೇಲೆ ಟ್ರ್ಯಾಕ್ಟರ್ ಓಡಿಸಿ ಮೇವು ತುಳಿಸುವಾಗ, ಗಂಟೆಗೆ ಬರುವ ಪ್ರತಿ ಟನ್ ಮೇವಿಗೆ ಸುಮಾರು 400 ಕಿಲೋ ಟ್ರ್ಯಾಕ್ಟರ್ ತೂಕ ಬೇಕೆಂಬ ಲೆಕ್ಕ ಅಮೆರಿಕದ ಕೃಷಿ ವಿಸ್ತರಣಾ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಅದರಂತೆ 2 ಟನ್ನಿನ ಟ್ರ್ಯಾಕ್ಟರ್ ಗಂಟೆಗೆ 5 ಟನ್ ಮಾತ್ರ ಸರಿಯಾಗಿ ತುಳಿಯಬಲ್ಲದು. ಅಂದರೆ 3 ಟನ್ನಿನ ಟ್ರೇಲರ್ 36 ನಿಮಿಷಕ್ಕೊಂದು ಬಂದರೆ ಸಾಕು. ಅದಕ್ಕಿಂತ ಬೇಗ ತಂದು ಸುರಿದರೆ ಒಳಗೆ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ. ಓಡೋಡಿ ತಂದ ಮೇವೇ ತಿಪ್ಪೆ ಸೇರುತ್ತದೆ.

ಹೊಲ 3 ಕಿ.ಮೀ. ದೂರವಿದ್ದು, 12 ಕಿ.ಮೀ. ವೇಗದಲ್ಲಿ ಹೋಗಿಬರಲು ಅರ್ಧ ಗಂಟೆ, ತುಂಬಿ ಸುರಿಯಲು ಅರ್ಧ ಗಂಟೆ ಹಿಡಿದರೂ ಎರಡು ಸಾಧಾರಣ ಟ್ರೇಲರುಗಳಿಂದ ಅರ್ಧ ಗಂಟೆಗೊಂದು ಹೊರೆ ಗುಂಡಿಗೆ ಮುಟ್ಟುತ್ತದೆ. 20 ಟನ್ನಿಗೆ ಬೇಕಾದದ್ದು ಇಂಥ ಏಳು ಹೊರೆಗಳು. ತುಳಿಸುವ ಸಮಯ ಸೇರಿ ಅರ್ಧ ದಿನದ ಕೆಲಸ. ಅಕ್ಕಪಕ್ಕದ ರೈತರು ಟ್ರ್ಯಾಕ್ಟರುಗಳನ್ನು ಮುಯ್ಯಿಗೆ ಕೊಟ್ಟುಕೊಂಡರೆ ದೊಡ್ಡ ಯಂತ್ರದ ಸಾಲವೇ ಬೇಡ.

ಹೊರಡುವ ಮುನ್ನ ಗಮನಿಸಬೇಕಾದ ಸಂಗತಿಗಳು ಹೆಚ್ಚೇನಿಲ್ಲ. ರಸ್ತೆಯಲ್ಲಿ ಎಡ-ಬಲ ಬ್ರೇಕ್ ಪೆಡಲುಗಳನ್ನು ಜೋಡಿಸಿಯೇ ಓಡಿಸಬೇಕು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು, ನ್ಯೂಟ್ರಲ್‌ನಲ್ಲಿ ಇಳಿಸಲೇಬಾರದು. ಕೊಂಡಿಯ ಪಿನ್ನಿಗೆ ಲಾಕ್ ಇರಬೇಕು. ಸಂಜೆಯಾಗುವ ಸಂಭವವಿದ್ದರೆ ಟ್ರೇಲರಿನ ಹಿಂದೆ ಪ್ರತಿಫಲಕ ಹಾಗೂ ದೀಪ ಇರಬೇಕು. ಹೊಸ ಟ್ರೇಲರ್ ಕೊಳ್ಳುವವರು ಬ್ರೇಕ್ ಇರುವುದನ್ನೇ ಕೇಳಿ ಪಡೆಯುವುದು ಒಳ್ಳೆಯದು. ಹತ್ತು ಎಚ್.ಪಿ. ಹೆಚ್ಚಿನ ಎಂಜಿನ್‌ಗೆ ಹಾಕುವ ಹಣಕ್ಕಿಂತ ಅಲ್ಲಿ ಹಾಕುವ ಹಣ ಹೆಚ್ಚು ಸಾರ್ಥಕ.