ಗುಂಗುರು ನೂಲು, ಸಾದಾ ಹೆಣಿಗೆ

ಹೆಣಿಗೆ ಬಲ್ಲವರ ಕೈಚಳಕ ಸಾಮಾನ್ಯವಾಗಿ ಕಾಣಿಸುವುದು ವಿನ್ಯಾಸದಲ್ಲಿ. ಜಡೆ ಹೆಣಿಗೆ, ಜಾಲರಿ ಹೆಣಿಗೆ, ಎರಡು ಬಣ್ಣ ಕೂಡಿಸಿ ತೆಗೆದ ಹೂವು ಇವೆಲ್ಲ ಕಡ್ಡಿಗಳ ಕೆಲಸ. ನುಣುಪಾದ ನೂಲು ಅವಕ್ಕೆ ಹಿನ್ನೆಲೆಯಾಗಿ ನಿಲ್ಲುತ್ತದೆ. ಬೂಕ್ಲೆ ನೂಲಿನಲ್ಲಿ ಮಾತ್ರ ಅಂದವೆಲ್ಲ ನೂಲುವ ಹೊತ್ತಿಗೇ ಸಿದ್ಧವಾಗಿರುತ್ತದೆ. ಉದ್ದಕ್ಕೂ ಸಣ್ಣ ಸಣ್ಣ ಗುಂಗುರುಗಳೆದ್ದ ಈ ನೂಲನ್ನು ಕೈಗೆತ್ತಿಕೊಂಡವರು ಗೊತ್ತಿರುವ ವಿದ್ಯೆಯನ್ನೆಲ್ಲ ಬದಿಗಿಟ್ಟು, ಕಲಿಯಲು ಕೂತ ದಿನ ಹಾಕಿದ ಸಾದಾ ಸಾಲನ್ನೇ ಹಾಕಬೇಕು. ಅದಕ್ಕೆ ಅದೇ ಚೆಂದ.

ಸ್ನಾನದ ಟರ್ಕಿ ಟವೆಲ್ಲಿನ ಮೇಲೂ ಇಂಥ ಗುಂಗುರುಗಳಿವೆ. ಆದರೆ ಅವು ಮಗ್ಗದ ಮೇಲೆ, ನೇಯುವಾಗ ಎದ್ದವು. ಅಲ್ಲಿಯ ನೂಲು ಸಾದಾ. ಬೂಕ್ಲೆಯಲ್ಲಿ ಗುಂಗುರು ನೂಲಿನೊಳಗೇ ಇದೆ. ಒಂದು ಗೇಣು ನೂಲನ್ನು ಹಿಮ್ಮುಖವಾಗಿ ತಿರುಚಿ ಬಿಡಿಸಿದರೆ ಮೂರು ಎಳೆ ಸಿಗುತ್ತವೆ. ನಡುವೆ ಬಿಗಿಯಾದ, ಭಾರ ಹೊರುವ ಎಳೆ. ಅದರ ಸುತ್ತ ಸಡಿಲವಾಗಿ ಬಳುಕುವ ಎರಡನೆಯ ಎಳೆ, ಗುಂಗುರಾಗುವುದು ಇದೇ. ಎರಡನ್ನೂ ಸೇರಿಸಿ ಕಟ್ಟುವ, ಬಲು ತೆಳುವಾದ ಮೂರನೆಯದು. ಯಂತ್ರದಲ್ಲಿ ನಡುವಿನ ಎಳೆ ಒಂದು ವೇಗದಲ್ಲಿ ಬರುತ್ತಿದ್ದರೆ, ಗುಂಗುರಿನ ಎಳೆಯನ್ನು ಅದಕ್ಕಿಂತ ಹೆಚ್ಚು ವೇಗದಲ್ಲಿ ಉಣಿಸುತ್ತಾರೆ. ಎತ್ತರದ ಗುಂಗುರು ಬೇಕಿದ್ದರೆ ವೇಗ ಎರಡು ಪಟ್ಟನ್ನೂ ಮುಟ್ಟುತ್ತದೆ. ಹೆಚ್ಚಾಗಿ ಬಂದ ಉದ್ದಕ್ಕೆ ಹೋಗಲು ಜಾಗವಿಲ್ಲದೆ ಅದು ಬಾಗಿ ಹೊರಗೆ ಉಬ್ಬುತ್ತದೆ. ಆ ಉಬ್ಬು ಜಾರದಂತೆ ಮೂರನೆಯ ಎಳೆಯನ್ನು ಮೊದಲಿನ ಹುರಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ. ಹೀಗೆ ಸುತ್ತುವಾಗ ಮೊದಲಿನ ಬಿಗಿ ತುಸು ಸಡಿಲುತ್ತದೆ. ಗುಂಗುರು ತೆರೆದು ದುಂಡಗಾಗುವುದು ಆಗಲೇ.

ರಾಟೆಯಲ್ಲಿ ಕೈಯಿಂದಲೇ ಬೂಕ್ಲೆ ತೆಗೆಯುವವರೂ ಇದ್ದಾರೆ. ನಡುವಿನ ಎಳೆಯನ್ನು ಬಿಗಿಯಾಗಿ ಹಿಡಿದು, ಗುಂಗುರಿನ ಎಳೆಯನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿ, ಸುತ್ತಿಕೊಂಡಷ್ಟನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋಗುತ್ತಾರೆ. ಆಮೇಲೆ ಇಡೀ ಉದ್ದವನ್ನು ಕಟ್ಟುವ ಎಳೆಯೊಂದಿಗೆ ಇನ್ನೊಮ್ಮೆ ರಾಟೆಗೆ ಹಾಕಬೇಕು. ಒಂದೇ ನೂಲಿಗೆ ಇಷ್ಟು ದುಡಿಮೆ. ಕೈಯಿಂದ ನೂತ ಬೂಕ್ಲೆಯ ಬೆಲೆಗೆ ಹುಬ್ಬೇರಿಸುವವರು ಇದನ್ನೊಮ್ಮೆ ನೋಡಬೇಕು.

ಗುಂಗುರು ಚೆನ್ನಾಗಿ ನಿಲ್ಲುವುದಕ್ಕೆ ನಾರಿನ ಗುಣ ಮುಖ್ಯ. ಇಲ್ಲಿ ಮೊಹೇರ್‌ಗೆ ಸಾಟಿಯಿಲ್ಲ. ಇದು ಅಂಗೋರಾ ಆಡಿನ ಕೂದಲು. ಕುರಿಯ ಉಣ್ಣೆಯಲ್ಲಿರುವಷ್ಟು ನಿರಿಗೆ ಇದರಲ್ಲಿಲ್ಲ, ಮೇಲ್ಮೈ ನುಣುಪು, ಹೊಳಪು ಹೆಚ್ಚು, ಬಾಗಿಸಿ ಬಿಟ್ಟರೆ ಪುಟಿದು ನಿಲ್ಲುವ ಸ್ವಭಾವ. ಆದ್ದರಿಂದ ಮೊಹೇರ್ ಗುಂಗುರು ದುಂಡಗೆ, ಬಿಡಿಬಿಡಿಯಾಗಿ ನಿಲ್ಲುತ್ತದೆ. ಕುರಿ ಉಣ್ಣೆಯ ಗುಂಗುರು ಚಿಕ್ಕದು, ಏರುಪೇರಾದದ್ದು, ಮೆತ್ತಗಿನದು. ಅಲ್ಪಾಕಾದ್ದು ಬೆಚ್ಚಗೆ, ತುಸು ಜೋಲು. ನಮ್ಮ ನಾಡಿನ ರೇಷ್ಮೆಯಿಂದ ಮಾಡಿದರೆ ಹೊಳಪು ಅಪಾರ, ಪುಟಿತ ಕಡಿಮೆ. ಹತ್ತಿಯ ಬೂಕ್ಲೆ ತೂಕದಿಂದ ಜಗ್ಗುತ್ತದೆ, ಆದರೂ ಬೆಂಗಳೂರು, ಮೈಸೂರುಗಳ ಹವೆಗೆ ನಾನು ಹೇಳುವುದು ಅದನ್ನೇ. ಕೃತಕ ನಾರಿನ ಅಗ್ಗದ ಬೂಕ್ಲೆ ಅಂಗಡಿಯಲ್ಲಿ ಕಣ್ಣಿಗೆ ಹಿತವಾಗಿಯೇ ಕಾಣುತ್ತದೆ. ಆದರೆ ಉಣ್ಣೆ ತನ್ನ ತೂಕದ ಶೇ 30ರಷ್ಟು ತೇವ ಹೀರಿಯೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಆ ಗುಣ ಅಕ್ರಿಲಿಕ್‌ಗೆ ಇಲ್ಲ.

ಅಂಗೋರಾ ಆಡಿನ ತವರು ಟರ್ಕಿಯ ಅಂಕಾರಾ ಪ್ರಾಂತ. ಆದರೆ ಇಂದು ಜಗತ್ತಿನ ಮೊಹೇರ್‌ನಲ್ಲಿ ಸುಮಾರು ಅರ್ಧ ಬರುವುದು ದಕ್ಷಿಣ ಆಫ್ರಿಕಾದಿಂದ. ಅಲ್ಲಿಗೆ ಆಡು ತಲುಪಿದ ಕಥೆ ಸ್ವಾರಸ್ಯದ್ದು. 1838ರಲ್ಲಿ ಕರ್ನಲ್ ಹೆಂಡರ್ಸನ್ ಎಂಬವರು ಹನ್ನೆರಡು ಹೋತಗಳನ್ನೂ ಒಂದು ಹೆಣ್ಣು ಆಡನ್ನೂ ಹಡಗಿನಲ್ಲಿ ತಂದರು. ತಳಿ ಹೊರಗೆ ಹಬ್ಬಬಾರದೆಂದು ಟರ್ಕಿಯವರು ಹೋತಗಳಿಗೆಲ್ಲ ಮೊದಲೇ ಬೀಜ ಒಡೆಸಿ ಕಳಿಸಿದ್ದರಂತೆ. ಹೆಣ್ಣು ಆಡು ಮಾತ್ರ ಗಬ್ಬವಾಗಿತ್ತು. ದಾರಿಯಲ್ಲಿ ಗಂಡು ಮರಿ ಹಾಕಿತು. ಅಲ್ಲಿಯ ಮೊಹೇರ್ ಉದ್ಯಮ ಶುರುವಾದದ್ದು ಹೀಗೆ. ಆಡಿನ ಕೂದಲನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಮರಿಯದು ಅತಿ ನಯ, ವಯಸ್ಸಾದಂತೆ ದಪ್ಪ. ನಯವಾದದ್ದು ಕೊರಳಿಗೆ ಒಗ್ಗುತ್ತದೆ, ದಪ್ಪನೆಯದು ಮೇಲಂಗಿಗೆ, ಕುರ್ಚಿಯ ಹೊದಿಕೆಗೆ.

ಫ್ಯಾಷನ್ ಲೋಕದಲ್ಲಿ ಬೂಕ್ಲೆಯ ಹೆಸರು ಶನೆಲ್ ಜಾಕೆಟ್ಟಿಗೆ ಅಂಟಿಕೊಂಡಿದೆ. 1954ರಲ್ಲಿ ಕೊಕೊ ಶನೆಲ್ ತಮ್ಮ ಮಳಿಗೆಯನ್ನು ಮತ್ತೆ ತೆರೆದ ಮೇಲೆ ಆ ಜಾಕೆಟ್ಟು ಜಗತ್ತಿಗೆಲ್ಲ ಪರಿಚಯವಾಯಿತು. ಆ ಮಳಿಗೆಗೆ ಬಟ್ಟೆ ನೇಯ್ದುಕೊಟ್ಟವರಲ್ಲಿ 1912ರಲ್ಲಿ ಶುರುವಾದ, ಇಂಗ್ಲೆಂಡಿನ ಕಾರ್ಲೈಲ್ ಊರಿನ ಲಿಂಟನ್ ಟ್ವೀಡ್ಸ್ ಗಿರಣಿ ಮುಖ್ಯವಾದದ್ದು. ವಿನ್ಯಾಸಕ ಏರೊ ಸಾರಿನೆನ್ ಅವರ 1948ರ ‘ವೂಂಬ್’ ಕುರ್ಚಿಗೂ ಬೂಕ್ಲೆ ಹೊದಿಕೆಯಿತ್ತು. ಇವರಿಗಿಂತ ನನಗೆ ಹೆಚ್ಚು ಹತ್ತಿರವಾದವರು ಬರ್ನಾಟ್ ಕ್ಲೈನ್. 1922ರಲ್ಲಿ ಇಂದಿನ ಸರ್ಬಿಯಾದಲ್ಲಿ ಹುಟ್ಟಿ, ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್‌ನಲ್ಲಿ ನೆಲೆ ನಿಂತವರು. ಜಾರ್ಜ್ ಸೂರಾ ಚುಕ್ಕಿಗಳಿಂದ ಚಿತ್ರ ಕಟ್ಟಿದ ರೀತಿಗೆ ಮನಸೋತ ಕ್ಲೈನ್, ಒಂದೇ ನೂಲಿಗೆ ತುಸುತುಸು ದೂರಕ್ಕೆ ಬೇರೆ ಬೇರೆ ಬಣ್ಣ ಹಾಕಿಸಿ ಮೊಹೇರ್ ಟ್ವೀಡ್ ನೇಯಿಸಿದರು. 1960ರ ದಶಕದ ಆರಂಭದಲ್ಲಿ ಶನೆಲ್ ಅದನ್ನು ಆರಿಸಿಕೊಂಡದ್ದರಿಂದ ಕ್ಲೈನ್ ಹೆಸರು ಮನೆಮಾತಾಯಿತು. ಮುಂದೆ ಅವರು ಕೈಹೆಣಿಗೆಯ ನೂಲುಗಳನ್ನೂ ತಂದರು. ಗುಂಗುರಿನ ಮೇಲೆ ಬಣ್ಣ ಬೇರೆಯೇ ಆಗಿ ಕಾಣುತ್ತದೆ. ಪ್ರತಿ ಗುಂಗುರಿಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು ಇರುವುದರಿಂದ ಒಂದೇ ಬಣ್ಣದ ಬಟ್ಟೆಯೂ ಆಳವಾಗಿ ತೋರುತ್ತದೆ.

ಇನ್ನು ಕಡ್ಡಿ ಹಿಡಿಯುವ ಮಾತು. ನೂಲಿನ ದಪ್ಪಕ್ಕೆ ಹೇಳಿದ್ದಕ್ಕಿಂತ ಒಂದೆರಡು ಅಳತೆ ದೊಡ್ಡ ಕಡ್ಡಿ ಇರಲಿ; ಬಿಗಿಯಾಗಿ ಹೆಣೆದರೆ ಗುಂಗುರು ಉಸಿರುಗಟ್ಟುತ್ತದೆ. ತುದಿ ಚೂಪಾಗಿದ್ದರೆ ಅದು ಗುಂಗುರಿನೊಳಗೆ ತೂರಿ ಎಳೆಯನ್ನು ಸೀಳುತ್ತದೆ, ಹಾಗಾಗಿ ಮೊಂಡು ತುದಿಯ ಬಿದಿರಿನ ಕಡ್ಡಿ ಒಳ್ಳೆಯದು. ಕಡ್ಡಿಯ ಮೇಲೆ ಯಾವುದು ಹೆಣಿಗೆಯ ಕುಣಿಕೆ, ಯಾವುದು ನೂಲಿನ ಗುಂಗುರು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬೆರಳಿಂದ ಸವರಿ ಎಣಿಸಬೇಕು. ಸಾಲುಗಳ ಲೆಕ್ಕವನ್ನು ಕಾಗದದ ಮೇಲೆ ಬರೆಯುತ್ತ ಹೋಗುವುದೇ ಕ್ಷೇಮ. ತಪ್ಪಿದರೆ ಬಿಚ್ಚುವುದು ಕಷ್ಟ, ಗುಂಗುರುಗಳು ಒಂದಕ್ಕೊಂದು ತೊಡರುತ್ತವೆ. ಅವಸರದಿಂದ ಎಳೆಯದೆ ಒಂದೊಂದೇ ಕುಣಿಕೆಯಾಗಿ ಬಿಡಿಸಬೇಕು.

ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕಿದ ಸಾದಾ ಹೆಣಿಗೆಯಲ್ಲಿ ಗುಂಗುರುಗಳು ಹೆಚ್ಚಾಗಿ ಹಿಂಬದಿಗೆ, ಪರ್ಲ್ ಕಾಣುವ ಮಗ್ಗುಲಿಗೆ ಬೀಳುತ್ತವೆ. ಅನುಭವಿಗಳು ಅದನ್ನೇ ಹೊರಮೈ ಮಾಡುತ್ತಾರೆ. ಕೊರಳು, ತೋಳಿನ ಅಂಚುಗಳನ್ನು ಅದೇ ಬಣ್ಣದ ನುಣುಪು ನೂಲಿನಿಂದ ಹೆಣೆದರೆ ಅಂಗಿಗೆ ಆಕಾರ ಸಿಗುತ್ತದೆ. ಭಾಗಗಳನ್ನು ಜೋಡಿಸಿ ಹೊಲಿಯುವುದಕ್ಕೂ ಅದೇ ನೂಲು, ಯಾಕೆಂದರೆ ಬೂಕ್ಲೆ ಸೂಜಿಯ ಹಿಂದೆ ಸಲೀಸಾಗಿ ಬರುವುದಿಲ್ಲ. ಮೊದಲ ಕೆಲಸಕ್ಕೆ ಹೆಚ್ಚಿಸುವ, ತಗ್ಗಿಸುವ ಗೋಜಿಲ್ಲದ ನೇರ ಮಫ್ಲರ್ ಸಾಕು.

ಕೊಳ್ಳುವಾಗ ಉಂಡೆಯ ಪಟ್ಟಿ ಓದಿ. ಕಟ್ಟುವ ಎಳೆಗೆ ತುಸು ನೈಲಾನ್ ಬೆರೆಸಿರುವುದು ಸಾಮಾನ್ಯ, ಅದರಿಂದ ಬಾಳಿಕೆ ಹೆಚ್ಚುತ್ತದೆ. ಗುಂಗುರಿನ ಎಳೆ ಮಾತ್ರ ಸಹಜ ನಾರಿನದೇ ಆಗಿರಲಿ. ತೂಕ ಮಾತ್ರವಲ್ಲ, ಎಷ್ಟು ಮೀಟರ್ ಇದೆ ಎಂಬುದನ್ನೂ ನೋಡಬೇಕು. ಗುಂಗುರುಗಳೇ ಉದ್ದವನ್ನು ತಿಂದುಬಿಡುವುದರಿಂದ, ಅಷ್ಟೇ ತೂಕದ ನುಣುಪು ನೂಲಿನಷ್ಟು ದೂರ ಇದು ಬರುವುದಿಲ್ಲ. ಹೆಣೆದ ಉಡುಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಇಸ್ತ್ರಿ ಬೇಡ, ಒಣಗಿದ ಮೇಲೆ ಒಮ್ಮೆ ಕೊಡವಿದರೆ ಒತ್ತಿಹೋದ ಗುಂಗುರು ಮತ್ತೆ ಏಳುತ್ತದೆ.