‘ಟ್ರೂ’ ಬಂದರೆ ಪರೀಕ್ಷೆ ನಡೆದಿದೆ ಎಂದೇ?

ಬೋಧನಾಭ್ಯಾಸಕ್ಕಾಗಿ ಯಲಹಂಕದ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ನಾನು ಆಯ್ದುಕೊಂಡ ಕಲಿಕಾಂಶ, ವೆಬ್ ಪುಟದ ಫಾರಂನಲ್ಲಿ ತುಂಬಿದ ಮಾಹಿತಿಯನ್ನು ಜಾವಾಸ್ಕ್ರಿಪ್ಟ್‌ನಿಂದ ಪರಿಶೀಲಿಸುವುದು. ಉದಾಹರಣೆಗೆ ಪಿನ್‌ಕೋಡ್ ತೆಗೆದುಕೊಂಡೆ: ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ. ಯಲಹಂಕದ 560064 ಮಕ್ಕಳಿಗೆ ಬಾಯಿಪಾಠವೇ ಇತ್ತು.

ಫಾರಂನ ಇನ್‌ಪುಟ್ ಚೌಕಕ್ಕೆ ‘ವ್ಯಾಲಿಡಿಟಿ’ ಎಂಬ ಗುಣವಿದೆ. ಅದರೊಳಗೆ ದೋಷಗಳ ಪಟ್ಟಿಯಿದೆ. ಕಡ್ಡಾಯ ಚೌಕ ಖಾಲಿಯಿದ್ದರೆ ‘ವ್ಯಾಲ್ಯೂಮಿಸ್ಸಿಂಗ್’, ಐದೇ ಅಂಕಿ ಬರೆದರೆ ‘ಪ್ಯಾಟರ್ನ್‌ಮಿಸ್‌ಮ್ಯಾಚ್’. ಒಟ್ಟು ಫಲಿತಾಂಶ ಬೇಕಾದರೆ ‘ಚೆಕ್‌ವ್ಯಾಲಿಡಿಟಿ’ ಕರೆಯಬೇಕು. “ಅದು ಟ್ರೂ ಎಂದರೆ ಮಾಹಿತಿ ಸರಿ” ಎಂದು ಬೋರ್ಡಿನ ಮೇಲೆ ಬರೆದೆ.

ಬಳಿಕ ಅದೇ ಫಾರಂ ಇರುವ ಪುಟವನ್ನು ‘ಆಬ್ಜೆಕ್ಟ್’ ಟ್ಯಾಗ್ ಬಳಸಿ ಇನ್ನೊಂದು ಪುಟದೊಳಗೆ ಕೂರಿಸಿದೆ. ಪಿನ್‌ಕೋಡ್ ಚೌಕ ಖಾಲಿಯಿತ್ತು. ಆಬ್ಜೆಕ್ಟ್ ಮೇಲೆ ಚೆಕ್‌ವ್ಯಾಲಿಡಿಟಿ ಕರೆದರೆ ಬಂದದ್ದು ಟ್ರೂ!

“ಮಿಸ್, ಒಳಗೆ ಏನೂ ಬರೆದೇ ಇಲ್ಲ. ಸರಿ ಅಂತ ಹೇಗೆ ಹೇಳ್ತು?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ರಾತ್ರಿ ಓದಿದಾಗ ಕಾರಣ ತಿಳಿಯಿತು. ಎಚ್‌ಟಿಎಂಎಲ್ ನಿಯಮದ ಪ್ರಕಾರ ಆಬ್ಜೆಕ್ಟ್ ಈ ಪರಿಶೀಲನೆಗೆ ಒಳಪಡುವುದೇ ಇಲ್ಲ. ಅದರ ‘ವಿಲ್‌ವ್ಯಾಲಿಡೇಟ್’ ಯಾವಾಗಲೂ ಫಾಲ್ಸ್. ಒಳಗಿನ ಫೈಲಿನ ಹೆಸರು ತಪ್ಪಾಗಿ ಪುಟವೇ ತೆರೆಯದಿದ್ದರೂ ಚೆಕ್‌ವ್ಯಾಲಿಡಿಟಿ ಟ್ರೂ ಎನ್ನುತ್ತದೆ. ದೋಷ ಹುಡುಕಿಲ್ಲ, ಆದ್ದರಿಂದ ಸಿಕ್ಕಿಲ್ಲ, ಅಷ್ಟೆ.

ಮರುದಿನ ತರಗತಿಯಲ್ಲಿ ಕೇಳಿದೆ: “ಪರೀಕ್ಷೆಗೆ ಗೈರುಹಾಜರಾದವನಿಗೆ ಒಂದೂ ಕೆಂಪು ಗುರುತು ಬೀಳುವುದಿಲ್ಲ. ಹಾಗಾದರೆ ಅವನಿಗೆ ನೂರಕ್ಕೆ ನೂರೇ?” ಮಕ್ಕಳು ನಕ್ಕರು, ವಿಷಯ ಹಿಡಿದರು.

ಹಾಗಾದರೆ ಪರಿಶೀಲಿಸುವುದು ಹೇಗೆ? ಎರಡೂ ಪುಟಗಳು ಒಂದೇ ತಾಣದವಾದರೆ ‘ಕಂಟೆಂಟ್‌ಡಾಕ್ಯುಮೆಂಟ್’ ಮೂಲಕ ಒಳಹೊಕ್ಕು, ಒಳಗಿನ ಫಾರಂ ಮೇಲೆಯೇ ಚೆಕ್‌ವ್ಯಾಲಿಡಿಟಿ ಕರೆಯಬೇಕು. ಬೇರೆ ತಾಣದ ಪುಟವಾದರೆ ಬ್ರೌಸರ್ ಒಳಗೆ ಬಿಡುವುದಿಲ್ಲ. ಆ ಪುಟವೇ ತನ್ನನ್ನು ಪರಿಶೀಲಿಸಿಕೊಂಡು ಫಲಿತಾಂಶವನ್ನು ‘ಪೋಸ್ಟ್‌ಮೆಸೇಜ್’ ಮೂಲಕ ಕಳುಹಿಸಬೇಕು. ಲ್ಯಾಬಿನಲ್ಲಿ ಮಾಡಿಸುವವರಿಗೆ ಒಂದು ಸೂಚನೆ: ಫೈಲನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕ್ರೋಮ್ ಅದನ್ನೂ ಬೇರೆ ತಾಣವೆಂದೇ ಎಣಿಸುತ್ತದೆ. ಲೋಕಲ್ ಸರ್ವರ್ ಮೂಲಕ ತೆರೆಯಿರಿ.

ನನ್ನ ಪಾಠಯೋಜನೆಯಲ್ಲಿ ಈಗ ಮೊದಲ ಹೆಜ್ಜೆ ವಿಲ್‌ವ್ಯಾಲಿಡೇಟ್ ನೋಡುವುದು. ಇನ್ನೊಂದು ಬದಲಾವಣೆಯೂ ಆಗಿದೆ. ಮೊದಲು “ಅರ್ಥವಾಯಿತಾ?” ಎಂದು ಕೇಳಿ, “ಹೌದು ಮಿಸ್” ಎಂದ ಕೂಡಲೇ ಮುಂದೆ ಹೋಗುತ್ತಿದ್ದೆ. ಈಗ ಇಬ್ಬರನ್ನಾದರೂ ಬೋರ್ಡಿಗೆ ಕರೆದು ಮಾಡಿಸಿ ನೋಡುತ್ತೇನೆ.