ಕೈಗೆ ಸಿಕ್ಕರೆ ಲೆಕ್ಕ ಸಿಕ್ಕಂತೆ



ಅಂಕಿ ಬರೆಯಲು ಕಲಿಯುವ ಮೊದಲೇ ನಿಮಗೆ ಲೆಕ್ಕ ಬರುತ್ತಿತ್ತು. ಹೌದಲ್ಲೇನು? ಹೊಲದಲ್ಲಿ ಜೋಳದ ಸಿವುಡು ಎಣಿಸಿದಿರಿ. ಬೆರಳಿನ ಗೆಣ್ಣು ಮುಟ್ಟಿ ಕೂಲಿಯ ದಿನ ಲೆಕ್ಕ ಹಿಡಿದಿರಿ. ಇಷ್ಟು ಮಂದಿಗೆ ಇಷ್ಟು ರೊಟ್ಟಿ ಅಂತ ಹಿಟ್ಟು ನಾದಿದಿರಿ. ಆಗ ಪಾಟಿ ಇರಲಿಲ್ಲ, ಪೆನ್ಸಿಲ್ ಇರಲಿಲ್ಲ. ಲೆಕ್ಕ ನಿಮ್ಮ ಕೈಯಲ್ಲಿತ್ತು. ಅಂಕಿ ಆಮೇಲೆ ಬಂತು.

ಕೆಲವು ಮಕ್ಕಳಿಗೂ ಇದೇ ದಾರಿ ಬೇಕು.

ಯಾವ ಮಕ್ಕಳಿಗೆ?

ಕೆಲವು ಮಕ್ಕಳಿಗೆ ಕಣ್ಣು ಕಾಣುವುದಿಲ್ಲ. ಕೆಲವರಿಗೆ ಕಿವಿ ಕೇಳುವುದಿಲ್ಲ. ಕೆಲವರ ಬುದ್ಧಿಯ ಬೆಳವಣಿಗೆ ನಿಧಾನ. ಇನ್ನು ಕೆಲವರು ಮಾತಿನಲ್ಲಿ ಬಲು ಚುರುಕು, ಆದರೆ ಅಂಕಿ ಕಂಡರೆ ಗೊಂದಲ. 6 ಯಾವುದು, 9 ಯಾವುದು ತಿಳಿಯುವುದಿಲ್ಲ. ಕನ್ನಡದ ೬ ಮತ್ತು ೯ ಅಂತೂ ಇನ್ನೂ ತೊಡಕು. 23 ಬರೆ ಅಂದರೆ 32 ಬರೆಯುತ್ತಾರೆ.

ಎಲ್ಲ ಮಕ್ಕಳೂ ಮೊದಮೊದಲು ಹೀಗೆ ತಪ್ಪುತ್ತಾರೆ. ಮೂರನೇ, ನಾಲ್ಕನೇ ಇಯತ್ತೆಗೆ ಬಂದರೂ ಹೋಗದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. ಅದು ಸೋಮಾರಿತನ ಅಲ್ಲ. ಹೊಡೆದರೆ ಹೋಗುವುದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಿದೆ. ಅದರಲ್ಲಿ ಕಲಿಕಾ ನ್ಯೂನತೆಯೂ ಒಂದು.

"ಈ ಹುಡುಗನ ತಲಿಗೆ ಲೆಕ್ಕ ಹತ್ತೂದಿಲ್ಲ, ಬಿಡ್ರಿ" ಅನ್ನುತ್ತಾರೆ ಮಂದಿ. ಬಿಟ್ಟರೆ ಏನಾಗುತ್ತದೆ? ಆ ಹುಡುಗ ಅಂಗಡಿಗೆ ಹೋಗುತ್ತಾನೆ. 20 ರೂಪಾಯಿ ಕೊಟ್ಟು 12 ರೂಪಾಯಿ ಸಾಮಾನು ತರುತ್ತಾನೆ. ವಾಪಸ್ ಎಷ್ಟು ಬರಬೇಕು ಗೊತ್ತಿಲ್ಲ. ಕೊಟ್ಟಷ್ಟು ಇಸಕೊಂಡು ಬರುತ್ತಾನೆ. ಅಪ್ಪ, ಅವ್ವ ಇರುವತನಕ ಹೀಗೆ ನಡೆದೀತು. ಆಮೇಲೆ?

ಮೂರು ಮೆಟ್ಟಿಲು

ಲೆಕ್ಕ ಕಲಿಯಲು ಮೂರು ಮೆಟ್ಟಿಲು ಇವೆ. ಮೊದಲು ವಸ್ತು. ಆಮೇಲೆ ಚಿತ್ರ. ಕೊನೆಗೆ ಅಂಕಿ. ಐದು ಹುಣಸೆ ಬೀಜ ಕೈಯಲ್ಲಿ ಹಿಡಿಯುವುದು ಮೊದಲ ಮೆಟ್ಟಿಲು. ಪಾಟಿ ಮೇಲೆ ಐದು ಚುಕ್ಕಿ ಇಡುವುದು ಎರಡನೇ ಮೆಟ್ಟಿಲು. 5 ಎಂದು ಬರೆಯುವುದು ಮೂರನೆಯದು. ನಾವು ಅವಸರ ಮಾಡಿ ಮೂರನೇ ಮೆಟ್ಟಿಲಿಗೇ ಮಗುವನ್ನು ಹತ್ತಿಸುತ್ತೇವೆ. ಮಗು ಬೀಳುತ್ತದೆ. ದಡ್ಡ ಅನ್ನುತ್ತೇವೆ.

ಮನೆಯ ಸಾಮಾನು ಸಾಕು

ಜೋಳದ ದಂಟು ಅಥವಾ ಹತ್ತಿ ಕಟ್ಟಿಗೆಯ ಕಡ್ಡಿ ತಗೊಳ್ರಿ. ಬೆರಳಿನಷ್ಟು ಉದ್ದ ಮುರಿಯಿರಿ. ಚುಚ್ಚದ ಹಾಗೆ ತುದಿ ಉಜ್ಜಿರಿ. ಹತ್ತು ಕಡ್ಡಿಗೆ ಒಂದು ದಾರ ಕಟ್ಟಿರಿ. ಅದು ಒಂದು ಕಟ್ಟು. ಎರಡು ಕಟ್ಟು, ಮೂರು ಬಿಡಿ ಕಡ್ಡಿ ಇಟ್ಟರೆ 23. ಮೂರು ಕಟ್ಟು, ಎರಡು ಬಿಡಿ ಇಟ್ಟರೆ 32. ಎರಡನ್ನೂ ಮಗುವಿನ ಕೈಗೆ ಕೊಡ್ರಿ. ಯಾವುದು ದೊಡ್ಡದು ಎಂದು ಕೈಯೇ ಹೇಳುತ್ತದೆ.

ಈಗ 23ರಲ್ಲಿ 8 ತೆಗೆಯಬೇಕು. ಬಿಡಿ ಕಡ್ಡಿ ಮೂರೇ ಇವೆ. ಏನು ಮಾಡಬೇಕು? ಒಂದು ಕಟ್ಟು ಬಿಚ್ಚಬೇಕು. ಈಗ ಬಿಡಿ ಕಡ್ಡಿ 13 ಆದವು. ಎಂಟು ತೆಗೆದರೆ ಐದು ಉಳಿದವು. ಒಂದು ಕಟ್ಟು, ಐದು ಬಿಡಿ. ಅಂದರೆ 15. ಶಾಲೆಯಲ್ಲಿ "ಹತ್ತು ಸಾಲ ತಗೋ" ಅನ್ನುತ್ತಾರಲ್ಲ, ಅದು ಇದೇ.

ಅಂಕಿ ಗುರುತು ಹಿಡಿಯದ ಮಗುವಿಗೆ ಉಸುಕಿನ ಅಂಕಿ ಮಾಡ್ರಿ. ದಪ್ಪ ರಟ್ಟಿನ ಮೇಲೆ ಅಂಟಿನಿಂದ 6 ಬರೆಯಿರಿ. ಮೇಲೆ ಸಣ್ಣ ಉಸುಕು ಉದುರಿಸಿರಿ. ಒಣಗಿದ ಮೇಲೆ ಮಗು ಬೆರಳಿನಿಂದ ತಿದ್ದಲಿ. ಕಣ್ಣು ಮರೆತದ್ದನ್ನು ಬೆರಳು ನೆನಪಿಡುತ್ತದೆ.

ಅರ್ಧ, ಕಾಲು ಕಲಿಸಲು ರೊಟ್ಟಿಗಿಂತ ಒಳ್ಳೆ ಸಾಧನ ಇಲ್ಲ. ಎರಡು ಸಮ ಭಾಗ ಮಾಡಿದರೆ ಅರ್ಧ. ಮತ್ತೆ ಮುರಿದರೆ ಕಾಲು. ಎರಡು ಕಾಲು ಜೋಡಿಸಿದರೆ ಮತ್ತೆ ಅರ್ಧ.

ಕಿವಿ ಕೇಳದ ಮಗುವಿಗೆ ಇವೆಲ್ಲ ನಡೆಯುತ್ತವೆ. ಎದುರಿಗೆ ಕುಳಿತು, ಬೆರಳಿನಿಂದ ಎಣಿಸಿ ತೋರಿಸಿರಿ.

ಒಂದು ಎಚ್ಚರಿಕೆ. ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಬೀಜ, ಕಲ್ಲು ಕೊಡಬೇಡ್ರಿ. ಗಂಟಲಿಗೆ ಸಿಕ್ಕೀತು. ದೊಡ್ಡ ಬಾಟಲಿ ಮುಚ್ಚಳ, ಮೆಕ್ಕೆಜೋಳದ ಬೆಂಡು ಕೊಡ್ರಿ.

ಕಣ್ಣು ಕಾಣದ ಮಗುವಿಗೆ

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ಗೊತ್ತು. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರ ಆಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಸಂಗೀತ ಕಲಿತರು. ಸಂಗೀತದಲ್ಲಿ ತಾಳ ಇದೆ. ತಾಳ ಅಂದರೆ ಲೆಕ್ಕ. ತೀನ್‌ತಾಲಕ್ಕೆ 16 ಮಾತ್ರೆ. ನಾಲ್ಕು ಮಾತ್ರೆಯ ನಾಲ್ಕು ಭಾಗ. 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ ಕೈ. ನಾಲ್ಕು ನಾಲ್ಕಲೇ ಹದಿನಾರು ಎಂಬ ಮಗ್ಗಿ ಇಲ್ಲಿ ಕೈಯಲ್ಲೇ ಇದೆ.

ಇವರಿಗಾಗಿ ಟೇಲರ್ ಫಲಕ ಎಂಬ ಸಾಧನ ಇದೆ. ಅದು ತೂತುಗಳ ಹಲಗೆ. ಒಂದೊಂದು ತೂತಿಗೆ ಎಂಟು ಮೂಲೆ. ಅದರಲ್ಲಿ ಸಣ್ಣ ಲೋಹದ ಮೊಳೆ ಇಡಬೇಕು. ಮೊಳೆ ಯಾವ ಕಡೆ ತಿರುಗಿದೆ ಎಂದು ಬೆರಳಿನಿಂದ ಮುಟ್ಟಿ ಅಂಕಿ ತಿಳಿಯಬೇಕು. ಮಣಿ ಸರಿಸಿ ಎಣಿಸುವ ಅಬಾಕಸ್ ಕೂಡ ಉಂಟು.

ನೋಟನ್ನೂ ಮುಟ್ಟಿ ಗುರುತಿಸಬಹುದು. ಈಗಿನ 100 ರೂಪಾಯಿ ನೋಟಿನ ಎರಡೂ ಅಂಚಿನಲ್ಲಿ ಉಬ್ಬಿದ ನಾಲ್ಕು ಓರೆ ಗೆರೆ ಇವೆ. 500ಕ್ಕೆ ಐದು ಗೆರೆ. ಹೊಸ ನೋಟು ಹಿಡಿದು ಮಗುವಿಗೆ ರೂಢಿ ಮಾಡಿಸಿರಿ.

ಶಾಲೆಯಲ್ಲಿ ಕೇಳ್ರಿ

ಗಣಿತ ಕಲಿಕಾ ಆಂದೋಲನದಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಗಣಿತದ ಪೆಟ್ಟಿಗೆ ಕೊಟ್ಟಿದ್ದಾರೆ. 4 ಮತ್ತು 5ನೇ ಇಯತ್ತೆಗೆಂದು ಬಂದದ್ದು. ಅದು ಬೀರುವಿನಲ್ಲಿ ಇದ್ದರೆ ಏನು ಬಂತು? ಅದು ಮಕ್ಕಳ ಕೈಗೆ ಬರಬೇಕು. "ನಮ್ಮ ಮಗು ಅದನ್ನ ಮುಟ್ಟಿ ಕಲೀತಾನೇನ್ರಿ?" ಎಂದು ಗುರುಗಳನ್ನು ಕೇಳ್ರಿ. ಕೇಳುವುದು ತಪ್ಪಲ್ಲ.

ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ ಹೋಗಿ ವಿಚಾರಿಸಿರಿ. ವಿಶೇಷ ಅಗತ್ಯವುಳ್ಳ ಮಕ್ಕಳ ಕೆಲಸ ನೋಡುವ ಶಿಕ್ಷಕರು ಅಲ್ಲಿರುತ್ತಾರೆ. ತಪಾಸಣೆ ಶಿಬಿರ ಯಾವಾಗ, ಸಾಧನ ಹೇಗೆ ಸಿಗುತ್ತದೆ ಎಂದು ಅವರು ಹೇಳುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಇದೆ. ನೂರಕ್ಕೆ 40 ಅಥವಾ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಇದನ್ನು 2016ರ ಕಾನೂನೇ ಕೊಟ್ಟಿದೆ. ಇದು ದಾನ ಅಲ್ಲ.

ನೀವೇ ಕಲಿಸಬಲ್ಲಿರಿ

"ನಾವೇ ನಿನ್ನೆ ಮೊನ್ನೆ ಕಲಿತವ್ರು, ನಾವೇನು ಕಲಿಸೂದು?" ಅನ್ನಬೇಡ್ರಿ. ಕೈಯಿಂದ ಅಂಕಿಗೆ ಬರುವ ದಾರಿಯನ್ನು ನೀವು ನಡೆದು ಬಂದಿದ್ದೀರಿ. ಆ ದಾರಿ ನಿಮಗೆ ಗೊತ್ತಿದೆ. ದಿನಕ್ಕೆ ಕಾಲು ತಾಸು ಸಾಕು. ಒಂದು ದಿನಕ್ಕೆ ಒಂದೇ ವಿಷಯ. ಮಗು ದಣಿದರೆ ನಿಲ್ಲಿಸಿರಿ. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡ್ರಿ. ನಿನ್ನೆ ಮೂರು ಎಣಿಸಿದ ಮಗು ಇವತ್ತು ನಾಲ್ಕು ಎಣಿಸಿದರೆ ಶಾಬಾಸ್ ಅನ್ನಿರಿ.

ಮಾಡಿ ನೋಡ್ರಿ

1. ನಾಲ್ಕು ಕಟ್ಟು, ಒಂದು ಬಿಡಿ ಕಡ್ಡಿ ಇಡ್ರಿ. ಅದರಲ್ಲಿ 6 ತೆಗೆಯಿರಿ. ಎಷ್ಟು ಉಳಿಯಿತು?
2. ಅಂಗಡಿ ಆಟ ಆಡ್ರಿ. 20 ರೂಪಾಯಿ ಕೊಟ್ಟು 12 ರೂಪಾಯಿ ಬೆಲ್ಲ ಕೊಳ್ಳಿರಿ. ವಾಪಸ್ ಎಷ್ಟು? ಮಗು ರೂಪಾಯಿ ನಾಣ್ಯ ಎಣಿಸಿ ನಿಮ್ಮ ಕೈಗೆ ಕೊಡಲಿ.